ಏಳು ಅಂದರೂ ಏಳದ ಅವ್ವ

ರಾಜಕಾರಣಿಗಳು ಪಕ್ಷದಿಂದ ಪಕ್ಷಕ್ಕೆ ಹಾರಿದಾಗಲೆಲ್ಲ ನಮ್ಮ ಪತ್ರಿಕೆಗಳು ಅದನ್ನು ‘ದೊಂಬರಾಟ’ ಎಂದು ಬರೆಯುತ್ತವೆ. ಓದಿದಾಗ ಮೊದಲು ನಗು ಬರುತ್ತದೆ, ಆಮೇಲೆ ಸಿಟ್ಟು ಬರುತ್ತದೆ. ನಾನು ದೊಂಬರ ಮಗಳು. ನನ್ನ ಅವ್ವ ಆಳೆತ್ತರಕ್ಕಿಂತ ಎತ್ತರದಲ್ಲಿ ಬಿಗಿದ ಹಗ್ಗದ ಮೇಲೆ, ತಲೆಯ ಮೇಲೆ ನೀರು ತುಂಬಿದ ಕೊಡ ಹೊತ್ತು ನಡೆಯುತ್ತಿದ್ದಳು. ಅಪ್ಪ ಬಿದಿರಿನ ಗಳದ ತುದಿಗೇರಿ, ಹೊಟ್ಟೆಯ ಮೇಲೆ ಭಾರ ಬಿಟ್ಟು ಬುಗುರಿಯಂತೆ ತಿರುಗುತ್ತಿದ್ದ. ಆ ಆಟದಲ್ಲಿ ಸುಳ್ಳಿಗೆ ಜಾಗವಿರಲಿಲ್ಲ. ಹೆಜ್ಜೆ ತಪ್ಪಿದರೆ ಮುರಿಯುವುದು ನಮ್ಮದೇ ಎಲುಬು.

ನಮ್ಮದು ಬಳ್ಳಾರಿ ಸೀಮೆ ಎಂದು ಹಿರಿಯರು ಹೇಳುತ್ತಿದ್ದರು. ಆದರೆ ಅಲ್ಲಿ ನಮ್ಮದು ಎನ್ನುವ ಒಂದು ಗೋಡೆಯೂ ಇರಲಿಲ್ಲ. ನಮ್ಮೊಳಗೆ ಅರ್ಧ ತೆಲುಗು, ಅರ್ಧ ಕನ್ನಡ ಮಾತಾಡಿಕೊಂಡು, ಕೊಯಮತ್ತೂರು, ಪಾಲಕ್ಕಾಡು ದಾಟಿ ಕೊಚ್ಚಿಗೆ ಬರುತ್ತಿದ್ದೆವು. ಅಲ್ಲಿಂದ ದಕ್ಷಿಣಕ್ಕೆ ತಿರುವನಂತಪುರದವರೆಗೆ ಆಟ ಆಡುತ್ತಾ ಹೋಗಿ, ಮಳೆ ಹಿಡಿಯುವ ಮೊದಲು ಹಿಂದಿರುಗುತ್ತಿದ್ದೆವು. ಕತ್ತೆಯ ಮೇಲೆ ಗಳಗಳು, ಹಗ್ಗ, ಪಾತ್ರೆ. ಅವುಗಳ ಹಿಂದೆ ನಾವು ಮೂವರು.

ನನಗೆ ಹತ್ತೋ ಹನ್ನೊಂದೋ ವಯಸ್ಸಿರುವಾಗ ಎರ್ನಾಕುಳಂನ ಮೈದಾನದಲ್ಲಿ ಅಪ್ಪ ಬಿದ್ದ. ಬೆಳಿಗ್ಗೆ ಮಳೆ ಹನಿಸಿ ನೆಲ ಸಡಿಲವಾಗಿತ್ತು. ಗಳ ಜಾರಿತು. ಜನ ಅದೂ ಆಟದ ಭಾಗವೆಂದು ತಿಳಿದು ಚಪ್ಪಾಳೆ ತಟ್ಟಿದರು. ಅವ್ವ ಹಗ್ಗದ ಮೇಲಿಂದ ನೆಗೆದು ಓಡಿದಳು. ಸರ್ಕಾರಿ ಆಸ್ಪತ್ರೆಯಲ್ಲಿ ತೊಡೆಯಿಂದ ಪಾದದವರೆಗೆ ಸಿಮೆಂಟಿನ ಕಟ್ಟು ಹಾಕಿದರು. ಈ ಕಾಲು ಊರಿ ನಡೆಯಲು ತಿಂಗಳುಗಳೇ ಬೇಕು ಎಂದರು ಡಾಕ್ಟರು. ಹುಟ್ಟಿದಾಗಿನಿಂದ ನಡೆಯುತ್ತಲೇ ಇದ್ದ ನಾವು ಹಾಗೆ ನಿಲ್ಲಬೇಕಾಯಿತು.

ನಿಂತದ್ದು ಕಳಮಶ್ಶೇರಿಯ ಅಂಚಿನಲ್ಲಿ. ಆಗ ಅಲ್ಲಿ ಕಾರ್ಖಾನೆಗಳು ಒಂದೊಂದಾಗಿ ಏಳುತ್ತಿದ್ದವು. ಒಂದು ಕಡೆ ಚಿಮಣಿಯ ಹೊಗೆ, ಇನ್ನೊಂದು ಕಡೆ ತೆಂಗಿನ ತೋಟಗಳು. ಅಂಥ ಒಂದು ತೋಟದ ಕಾರ್ಯಸ್ಥನ ಹತ್ತಿರ ಅವ್ವ ಹೋಗಿ ಕೈಸನ್ನೆಯಲ್ಲೇ ಮಾತಾಡಿ ಒಪ್ಪಂದ ಮಾಡಿಕೊಂಡಳು. ತೋಟದ ಮೂಲೆಯಲ್ಲಿ ನಾವು ಗುಡಿಸಲು ಹಾಕಿಕೊಳ್ಳುವುದು, ಅದಕ್ಕೆ ಬದಲಾಗಿ ಬಿದ್ದ ಕಾಯಿ ಆರಿಸಿಡುವುದು, ದನ ನುಗ್ಗದಂತೆ ಕಾಯುವುದು. ಕಾರ್ಯಸ್ಥನಿಗೆ ಅದು ಲಾಭದ ಮಾತೇ ಆಗಿತ್ತು. ತೋಟದ ಯಜಮಾನರು ದೂರದಲ್ಲಿದ್ದರು. ಅವರ ಮುಖವನ್ನು ನಾವು ಕಡೆಗೂ ನೋಡಲಿಲ್ಲ.

ಬೇಲಿಯಾಚೆ ಮೀನು ಮಾರುವ ಹೆಂಗಸೊಬ್ಬಳ ಮನೆ. ನಾವು ಬಂದ ದಿನ ಅವಳು ತನ್ನ ಕೋಳಿಗಳನ್ನೆಲ್ಲ ಅಟ್ಟಿಕೊಂಡು ಹೋಗಿ ಒಳಗೆ ಹಾಕಿ ಬಾಗಿಲು ಎಳೆದುಕೊಂಡಳು. ನಮಗೆ ಅದು ಹೊಸದಲ್ಲ. ನಮ್ಮ ಕತ್ತೆಯ ಗಂಟೆ ಕೇಳಿದರೆ ಸಾಕು, ಊರುಗಳಲ್ಲಿ ಒಣಹಾಕಿದ ಬಟ್ಟೆ ಒಳಗೆ ಹೋಗುತ್ತಿತ್ತು. ಮರುದಿನ ಅವ್ವ ಬೇಲಿಯ ಹತ್ತಿರ ನಿಂತು, ಅವಳು ತೆಂಗಿನ ಸೋಗೆ ಹೆಣೆಯುವುದನ್ನೇ ನೋಡುತ್ತಿದ್ದಳು. ಮೂರನೆಯ ದಿನ ತಾನೂ ಒಂದು ಸೋಗೆ ಹಿಡಿದು ಬೇಲಿಯ ಈಚೆ ಕೂತು ಹೆಣೆದಳು. ತಪ್ಪಾದಾಗ ಆಚೆಯಿಂದ, “ಹಂಗಲ್ಲ, ಹಂಗಲ್ಲ!” ಎಂಬ ಅರ್ಥದ ಮಲಯಾಳಂ ಕೂಗು ಬಂತು. ನಮ್ಮ ಮಾಡಿಗೆ ಹೊದಿಸಿದ ಸೋಗೆಯಲ್ಲಿ ಅರ್ಧಕ್ಕೆ ಅರ್ಧ ಹೀಗೆ ಬೈಸಿಕೊಂಡು ಹೆಣೆದದ್ದು. ನಾನು ಅವಳನ್ನು ಚೇಚಿ ಎಂದು ಕರೆಯತೊಡಗಿದೆ. ಅಕ್ಕ ಎಂದು ಅರ್ಥ. ಅವ್ವನೂ ಹಾಗೆಯೇ ಕರೆದಳು.

ನನ್ನನ್ನು ಶಾಲೆಗೆ ಸೇರಿಸಿದ್ದೂ ಅಲ್ಲೇ. ಕಾರ್ಖಾನೆಯ ಕೆಲಸಗಾರರ ಮಕ್ಕಳು ಹೋಗುವ ಸಣ್ಣ ಶಾಲೆ. ನಾಳೆ ಬಿಟ್ಟು ಹೋಗುವವಳಿಗೆ ಯಾಕೆ ಓದು ಎಂದು ಮಾಸ್ತರರು ಕೇಳಿದರು. ಅವ್ವ ನನ್ನ ಹೆಗಲು ಹಿಡಿದು ಕೊನೆಯ ಬೆಂಚಿನ ಮೇಲೆ ಕೂರಿಸಿ, ತಾನು ಹೊರಗೆ ಮರದ ಕೆಳಗೆ ಕೂತುಬಿಟ್ಟಳು. ಬೆಂಚಿನಲ್ಲಿದ್ದ ಹುಡುಗಿಯರು ಅತ್ತ ಸರಿದು ಒಬ್ಬರ ಮೇಲೊಬ್ಬರು ಕೂತರು. ನನಗೆ ಒಬ್ಬಳಿಗೇ ಅರ್ಧ ಬೆಂಚು ಸಿಕ್ಕಿತು. ಅಲ್ಲಿ ಕೈ ಚಾಚಿ ಆರಾಮಾಗಿ ಬರೆದೆ, ಬೇಗ ಕಲಿತೆ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ನನ್ನ ಬಾಯಲ್ಲಿ ಮಲಯಾಳಂ ಸರಾಗವಾಗಿತ್ತು.

ಈಗ ಯುರೋಪಿನ ರೋಮಾ ಜನರ ಬಗ್ಗೆ ಓದುತ್ತೇನೆ. ಅವರ ಹಿರಿಯರು ನಮ್ಮ ದೇಶದಿಂದ ಹೋದವರಂತೆ. ರೋಮ್ ಎಂಬ ಹೆಸರಿಗೂ ನಮ್ಮ ದೊಂಬ ಎಂಬ ಹೆಸರಿಗೂ ಒಂದೇ ಬೇರು ಎಂದು ಬಲ್ಲವರು ಹೇಳುತ್ತಾರೆ. ಅದು ಎಷ್ಟು ನಿಜವೋ ನನಗೆ ತಿಳಿಯದು. ಆದರೆ ಅವರ ಬಿಡಾರಗಳನ್ನು ಊರ ಹೊರಗಿನಿಂದಲೂ ಎಬ್ಬಿಸುತ್ತಾರೆ, ಅವರ ಮಕ್ಕಳನ್ನು ಬೇರೆ ಕೂರಿಸುತ್ತಾರೆ ಎಂದು ಓದಿದಾಗ ಆ ಅರ್ಧ ಬೆಂಚು ಕಣ್ಣಿಗೆ ಬರುತ್ತದೆ. ಸಂಬಂಧ ಹೇಳಲು ನನಗೆ ಅಷ್ಟು ಸಾಕು.

ಎರಡು ಮಳೆಗಾಲ ಕಳೆದವು. ಅಪ್ಪನ ಕಾಲು ಕೂಡಿತು, ಸ್ವಲ್ಪ ಕುಂಟು ಉಳಿಯಿತು. ಅವನು ಒಂದು ಕಾರ್ಖಾನೆಯ ಗೋದಾಮಿನಲ್ಲಿ ಮೂಟೆ ಹೊಲಿಯುವ ಕೆಲಸಕ್ಕೆ ಹೋಗುತ್ತಿದ್ದ. ಆಗಲೇ ಒಂದು ದಿನ ಕಾರ್ಯಸ್ಥ ಇಬ್ಬರು ಆಳುಗಳೊಂದಿಗೆ ಬಂದ. ಕಾರ್ಖಾನೆಗಳು ಬಂದು ಜಾಗಕ್ಕೆ ಬೆಲೆ ಏರಿತ್ತು. ಯಾರನ್ನೂ ಒಕ್ಕಲೆಬ್ಬಿಸಬಾರದು ಎಂದು ಹೊಸ ಸರ್ಕಾರ ಕಾನೂನು ಮಾಡಿತ್ತು. ಕೂತವರಿಗೆ ಜಾಗದ ಹಕ್ಕು ಬಂದೀತೆಂಬ ಭಯಕ್ಕೇ ತೋಟದವರು ಗುಡಿಸಲುಗಳನ್ನು ಸದ್ದಿಲ್ಲದೆ ಕೀಳಿಸುತ್ತಿದ್ದರು.

“ಎಡೀ,” ಎಂದು ಅವನು ಅವ್ವನನ್ನು ಕೂಗಿದ. ಕೀಳು ಎಂದುಕೊಂಡವರನ್ನು ಕೂಗುವ ರೀತಿ ಅದು. “ಗಂಡನ ಕಾಲು ಸರಿ ಹೋಯಿತಲ್ಲ. ಈ ವಾರದೊಳಗೆ ಗಂಟು ಕಟ್ಟಿ ಹೊರಡಿ.”

ಅವನು ಹೋದ ಮೇಲೆ ಅಪ್ಪ ಎದ್ದು ಮಾಡಿನ ಕೆಳಗೆ ಕಟ್ಟಿಟ್ಟಿದ್ದ ಗಳಗಳನ್ನು ಬಿಚ್ಚತೊಡಗಿದ. ಅವನ ಮುಖದಲ್ಲಿ ದುಃಖವಿರಲಿಲ್ಲ. ನಿಜ ಹೇಳಬೇಕೆಂದರೆ, ಅವನಿಗೆ ಒಳಗೊಳಗೇ ಖುಷಿಯಾಗಿತ್ತು.

“ನಾವು ಹೊರಡೋ ಮಂದಿ,” ಎಂದ. “ಯಾರ ಹಂಗೂ ಇಲ್ದ ಬದುಕಿದ ಕುಲ. ಹಗ್ಗದ ಮ್ಯಾಲೆ ನಡಿಯೋರಿಗೆ ನೆಲ ಯಾಕ ಬೇಕು?”

ಅವ್ವ ಗಂಜಿ ತಿರುವುತ್ತಿದ್ದವಳು ತಲೆ ಎತ್ತಲಿಲ್ಲ. “ಹಗ್ಗ ಕಟ್ಟೋ ಗೂಟ ಯಾವುದರಾಗ ಹೂಳ್ತೀ? ಗಾಳ್ಯಾಗೇನು?”

ಅಪ್ಪ ಬಿಚ್ಚಿದ ಗಳವನ್ನು ಕೆಳಗಿಟ್ಟ.

“ನಾನು ಏಳಂಗಿಲ್ಲ,” ಎಂದಳು ಅವ್ವ. “ಹುಟ್ಟಿದಾಗಿಂದ ಏಳ್ರಿ ಏಳ್ರಿ ಅಂದಾರ. ಇದೊಂದು ಸಲ ಏಳಂಗಿಲ್ಲ.”

ಟೀ ಅಂಗಡಿಯಲ್ಲಿ ಬೆಳಿಗ್ಗೆ ಒಬ್ಬರು ಪತ್ರಿಕೆ ಜೋರಾಗಿ ಓದುತ್ತಿದ್ದರು, ಕೆಲಸಕ್ಕೆ ಹೋಗುವವರು ನಿಂತು ಕೇಳುತ್ತಿದ್ದರು. ಗುಡಿಸಲಲ್ಲಿ ವಾಸ ಇರುವವರನ್ನೂ ಎಬ್ಬಿಸುವಂತಿಲ್ಲ ಎಂದು ನಾನು ಅಲ್ಲೇ ಕೇಳಿಬಂದು ಅವ್ವನಿಗೆ ಹೇಳಿದ್ದೆ. ಅವ್ವ ನನ್ನನ್ನು ಕರೆದುಕೊಂಡು ಗ್ರಾಮದ ಅಧಿಕಾರಿಯ ಹತ್ತಿರ ಹೋದಳು. ಅವರು ನಮ್ಮನ್ನು ಮೆಟ್ಟಿಲ ಕೆಳಗೇ ನಿಲ್ಲಿಸಿ, “ಅದು ಊರಿನವರಿಗೆ ಇರುವ ಕಾನೂನು. ನೀವು ನಾಡೋಡಿಗಳು,” ಎಂದರು. ನಾಡೋಡಿ ಎಂದರೆ ಅಲೆಮಾರಿ. ಮನೆಯ ಹತ್ತಿರ ಬಂದಾಗ ಅವ್ವ ಕೇಳಿದಳು, “ಈ ಕಾನೂನು ಮಾಡಿದೋರು ಎಲ್ಲಿರ್ತಾರ?”

“ತಿರುವನಂತಪುರದಾಗ.”

“ಆ ಊರು ನನಗ ಗೊತ್ತೈತಿ,” ಎಂದಳು, ಪಕ್ಕದ ಬೀದಿಯ ಮಾತಾಡುವಂತೆ.

ಹಗ್ಗ, ಡೋಲು ಹೊತ್ತು ನಾವಿಬ್ಬರೇ ಹೊರಟೆವು. ಗುಡಿಸಲು ಖಾಲಿ ಬಿಟ್ಟರೆ ಕಾರ್ಯಸ್ಥನ ಆಳುಗಳು ಅದನ್ನು ಕೀಳುವುದು ಖಂಡಿತವಾಗಿತ್ತು. ಹೊರಡಲು ಆತುರಪಟ್ಟಿದ್ದ ಅಪ್ಪನೇ ಬಾಗಿಲಲ್ಲಿ ಕಾಲು ಚಾಚಿ ಕೂತ. “ನಿನ್ನ ಹಠ ನನಗ ತಿಳಿಯಂಗಿಲ್ಲ. ಆದ್ರ ನೀ ಬರೋತನಕ ಒಂದು ಸೋಗಿ ಮುಟ್ಟಾಕ ಬಿಡಂಗಿಲ್ಲ,” ಎಂದ. ಅವನು ಅವ್ವನಿಗೆ ಹೇಳಿದ ಪ್ರೀತಿಯ ಮಾತುಗಳಲ್ಲಿ ನಾನು ಕೇಳಿಸಿಕೊಂಡದ್ದು ಇದೊಂದೇ.

ದೋಣಿಯಲ್ಲಿ ಆಲಪ್ಪುಳ, ಅಲ್ಲಿಂದ ಬಸ್ಸು, ನಡುವೆ ನಡಿಗೆ. ತಿರುವನಂತಪುರ ತಲುಪಿದಾಗ ಹೊಟ್ಟೆ ಖಾಲಿ. ಅವ್ವ ನೇರ ಚಾಲೈ ಬಜಾರಿಗೆ ನಡೆದಳು. ಮೆಣಸು, ಹುಣಸೆ, ಬಾಳೆಗೊನೆಗಳ ಗಾಡಿಗಳು ಒಂದಕ್ಕೊಂದು ತಾಗಿಕೊಂಡು ನಿಂತ ಬೀದಿ ಅದು. ಅದರ ಬಾಯಲ್ಲಿ ಸ್ವಲ್ಪ ತೆರವಿತ್ತು. ಎರಡು ಗಾಡಿಗಳ ನೊಗ ಎತ್ತಿ ನಿಲ್ಲಿಸಲು ಗಾಡಿಯವರನ್ನು ಒಪ್ಪಿಸಿ, ಅವುಗಳ ನಡುವೆ ಹಗ್ಗ ಬಿಗಿದಳು.

“ಡೋಲು ಬಡಿ,” ಎಂದಳು ನನಗೆ.

ಡೋಲು ಯಾವಾಗಲೂ ಅಪ್ಪನದು. ನಾನು ತಟ್ಟೆ ಹಿಡಿದು ಸುತ್ತುತ್ತಿದ್ದವಳು. ಅವ್ವ ಹಗ್ಗದ ಮೇಲೆ ಮೊದಲ ಹೆಜ್ಜೆ ಇಟ್ಟಾಗ ಅವಳ ಕಾಲನ್ನೇ ನೋಡುತ್ತಾ ಬಡಿದೆ. ಆ ಕಾಲು ಹೇಳಿದಂತೆ ಕೈ ಕೇಳಿತು. ಎರಡು ವರ್ಷ ಹಗ್ಗ ಮುಟ್ಟದವಳು ನಡುವೆ ನಿಂತು, ಮಂಡಿ ಬಗ್ಗಿಸಿ ಕೂತು, ಮತ್ತೆ ಎದ್ದಳು. ಮೂಟೆ ಹೊತ್ತವರು ಮೂಟೆ ಇಳಿಸದೆ ನಿಂತು ನೋಡಿದರು. ಅವ್ವ ಇಳಿದು ಬಂದು ನನ್ನ ಬೆನ್ನ ಮೇಲೆ ಒಮ್ಮೆ ಕೈ ಇಟ್ಟಳು. ಆಮೇಲೆ ನನಗೆ ಎಷ್ಟೋ ಶಾಬಾಸ್‌ಗಿರಿಗಳು ಸಿಕ್ಕಿವೆ. ಅಂಥದ್ದು ಇನ್ನೊಂದಿಲ್ಲ.

ಮರುದಿನ ಬೆಳಿಗ್ಗೆ ದೇವಸ್ಥಾನದ ಕೆರೆಯಲ್ಲಿ ಯಾರಾದರೂ ಬೈದಾರೆಂದು ದೂರದ ಕೊಳಾಯಿಯಲ್ಲಿ ಮುಖ ತೊಳೆದು, ಸೀರೆ ಕೊಡವಿ ಉಟ್ಟು, ಒಂದು ದೊಡ್ಡ ಸರ್ಕಾರಿ ಕಚೇರಿಯ ಮುಂದೆ ನಿಂತೆವು. ಕಾವಲಿನವನು ಒಳಗೆ ಬಿಡಲಿಲ್ಲ. ನಾನು ಮಲಯಾಳಂನಲ್ಲಿ ಬೇಡಿಕೊಂಡೆ. ಅವ್ವನಿಗೆ ರೇಗಿತು.

“ಬೇಡಬ್ಯಾಡ!” ಎಂದು ಕನ್ನಡದಲ್ಲಿ ಗದರಿದಳು. “ಕೇಳು. ಬೇಡೋದು ಬ್ಯಾರೆ, ಕೇಳೋದು ಬ್ಯಾರೆ.”

ಒಳಗೆ ಹೋಗುತ್ತಿದ್ದ ಒಬ್ಬರು ಗಕ್ಕನೆ ನಿಂತರು. ಬಿಳಿ ಪಂಚೆ, ತುಂಬು ತೋಳಿನ ಅಂಗಿ, ಕಂಕುಳಲ್ಲಿ ಛತ್ರಿ. “ನೀವು ಕನ್ನಡದವರಾ? ಯಾವ ಊರು ಮಾರಾಯ್ತಿ?” ಎಂದರು.

ಅವರು ಕಾಸರಗೋಡಿನವರು, ಆ ಕಚೇರಿಯಲ್ಲಿ ಗುಮಾಸ್ತರು. ರಾಜ್ಯಗಳು ಹೊಸದಾಗಿ ಹಂಚಿಕೆಯಾದಾಗ ಅವರ ಊರು ಕೇರಳಕ್ಕೆ ಸೇರಿ, ಅವರು ಇಷ್ಟು ದೂರ ಕೆಲಸಕ್ಕೆ ಬಂದಿದ್ದರು. ತಿಂಗಳುಗಟ್ಟಲೆ ಬೀದಿಯಲ್ಲಿ ಕನ್ನಡ ಕೇಳಿರಲಿಲ್ಲವಂತೆ. ನಮ್ಮನ್ನು ಒಂದು ಮರದ ಕೆಳಗೆ ಕರೆದೊಯ್ದು ಎಲ್ಲವನ್ನೂ ಕೇಳಿಸಿಕೊಂಡರು. ದೊಂಬರು ಎಂದಾಗ ಅವರ ಮುಖ ಒಂದು ಗಳಿಗೆ ಬದಲಾಯಿತು. ಆಮೇಲೆ ಸಾವಕಾಶವಾಗಿ ಹೇಳಿದರು, “ನೋಡಿ, ಒಳಗೆ ಸಾಹೇಬರ ಹತ್ತಿರ ಕೂಲಿಯವರು ಅಂತ ಮಾತ್ರ ಹೇಳುವ. ದೊಂಬರು ಅಂತೆಲ್ಲ ಬೇಡ. ಕೆಲಸ ಸುಲಭ ಆಗ್ತದೆ. ನಾನು ನಿಮ್ಮ ಒಳ್ಳೇದಕ್ಕೇ ಹೇಳುವುದು.”

ಅವರು ಕೆಟ್ಟವರಲ್ಲ. ಅದು ಅವ್ವನಿಗೂ ಗೊತ್ತಿತ್ತು. ಅದಕ್ಕೇ ದನಿ ಏರಿಸದೆ ಹೇಳಿದಳು:

“ಕೂಲೀನೂ ಮಾಡ್ತೀನಿ ಸ್ವಾಮಿ, ಸುಳ್ಳಲ್ಲ. ಆದ್ರ ನಾನು ದೊಂಬರಾಕಿ. ಅದನ್ನ ಮುಚ್ಚಿಟ್ಟು ಮನಿ ಉಳಿಸಿಕೊಂಡ್ರ, ಆ ಮನ್ಯಾಗ ಇರೋಳು ಯಾರು?”

ಗುಮಾಸ್ತರು ಛತ್ರಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. “ಬನ್ನಿ,” ಎಂದರು.

ಸಾಹೇಬರ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ನಾವು ನಿಂತಿದ್ದೆವು. ಗುಮಾಸ್ತರು ಇಂಗ್ಲಿಷಿನಲ್ಲಿ ಏನೇನೋ ವಿವರಿಸಿದರು. ಸಾಹೇಬರು ಕನ್ನಡಕ ತೆಗೆದು, ನನ್ನತ್ತ ನೋಡಿ ಮಲಯಾಳಂನಲ್ಲಿ ಕೇಳಿದರು, “ನೀವು ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ಆ ಗುಡಿಸಲನ್ನು ಉಳಿಸಿಕೊಂಡು ಏನು ಮಾಡುತ್ತೀರಿ ಎಂದು ನಿನ್ನ ಅಮ್ಮನನ್ನು ಕೇಳು.”

ನಾನು ಕೇಳಿದೆ. ಅವ್ವ ಅವರನ್ನು ನೇರ ನೋಡಿಯೇ ಉತ್ತರಿಸಿದಳು. ಒಂದೊಂದು ಮಾತನ್ನೂ ನಾನು ಮಲಯಾಳಂಗೆ ತಿರುಗಿಸಿದೆ.

“ನಾವು ಅಲೆದಿದ್ದು ಕಾಲಿಗೆ ತೀಟಿ ಆಗಿ ಅಲ್ಲ. ಕೂತ ಕಡಿಯೆಲ್ಲಾ ಏಳ್ರಿ ಅಂದ್ರು. ಎಬ್ಬಿಸಿ ಎಬ್ಬಿಸಿ, ಅಲೆಯೋದೇ ನಮ್ಮ ಜಾತಿ ಅಂದುಬಿಟ್ರು. ಒಮ್ಮೆ ಕೂಡಾಕ ಬಿಟ್ಟು ನೋಡ್ರಿ, ನಾವು ಅಲೆಯೋರೋ ಅಲ್ಲೋ ಅಂತ.”

ಕೊನೆಯ ಮಾತು ಹೇಳುವಾಗ ನನ್ನ ದನಿ ಅವಳ ದನಿಗಿಂತ ಗಟ್ಟಿಯಾಗಿತ್ತು. ಸಾಹೇಬರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. “ಇಷ್ಟು ಒಳ್ಳೆಯ ಮಲಯಾಳಂ ಎಲ್ಲಿ ಕಲಿತೆ ಮೋಳೇ?” ಎಂದರು. ಮಗಳೇ ಎಂದು ಅಧಿಕಾರಿಯೊಬ್ಬರು ನನ್ನನ್ನು ಕರೆದದ್ದು ಅದೇ ಮೊದಲು.

“ಕಳಮಶ್ಶೇರಿಯ ಶಾಲೆಯಲ್ಲಿ, ಸಾರ್. ನಾವು ಅಲ್ಲಿಯವರು.”

ಆ ಎರಡನೆಯ ಮಾತನ್ನು ಅವ್ವ ಹೇಳಿಕೊಟ್ಟಿರಲಿಲ್ಲ.

ಸ್ಥಳಕ್ಕೆ ಹೋಗಿ ವಿಚಾರಿಸಿ ಎಂದು ತಾಲೂಕಿನವರಿಗೆ ಹೇಳುವುದಾಗಿ ಸಾಹೇಬರು ಒಪ್ಪಿದರು. ಅಲ್ಲಿಯವರೆಗೆ ಯಾರೂ ನಮ್ಮನ್ನು ಎಬ್ಬಿಸುವಂತಿಲ್ಲ ಎಂದರು. ಗುಮಾಸ್ತರು ಹೊರಗೆ ಬಂದು ನಮ್ಮನ್ನು ಹೋಟೆಲಿಗೆ ಕರೆದೊಯ್ದು, ತಾವು ಕೂತ ಬೆಂಚಿನಲ್ಲೇ ಕೂರಿಸಿ ಕಾಫಿ ಕೊಡಿಸಿದರು. “ಸಣ್ಣವನಿದ್ದಾಗ ನಮ್ಮ ಊರಿಗೂ ನಿಮ್ಮವರು ಬರ್ತಾ ಇದ್ದರು,” ಎಂದರು. “ಹಗ್ಗದ ಮೇಲೆ ನಡೆಯುವುದು ಕಂಡು ಮನೆಗೆ ಬಂದು ಕಟ್ಟೆಯ ಮೇಲೆ ನಡೆದು ಬಿದ್ದದ್ದು. ಕೈ ಮುರಿದಿತ್ತು ಮಾರಾಯ್ತಿ!” ಅವ್ವ ಬಾಯ್ತುಂಬ ನಕ್ಕಳು. ಆ ಪ್ರಯಾಣದಲ್ಲಿ ಅವಳು ನಕ್ಕದ್ದು ಆಗ ಮಾತ್ರ.

ನಾವು ಹಿಂದಿರುಗಿದಾಗ ಗುಡಿಸಲು ನಿಂತಿತ್ತು. ಅಪ್ಪ ಬಾಗಿಲಲ್ಲೇ ಇದ್ದ. ಆಳುಗಳು ಒಮ್ಮೆ ಬಂದು, ಅವನ ಕೈಯಲ್ಲಿದ್ದ ಗಳ ನೋಡಿ ಹಿಂದೆ ಹೋಗಿದ್ದರಂತೆ. ಚೇಚಿ ದಿನವೂ ಅವನಿಗೆ ಗಂಜಿ, ಮೀನು ಕೊಟ್ಟಿದ್ದಳು.

ಕೆಲವು ವಾರಗಳ ಮೇಲೆ ತಾಲೂಕಿನಿಂದ ಒಬ್ಬ ಅಧಿಕಾರಿ ಬಂದು ತೆಂಗಿನ ಮರದ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಸುತ್ತಲಿನ ಮನೆಗಳವರೆಲ್ಲ ಸೇರಿದರು. ಕಾರ್ಯಸ್ಥ ಕೈಕಟ್ಟಿ ನಿಂತು ಹೇಳಿದ, “ಇವರು ಬೀದಿ ಆಟದವರು ಸಾರ್. ಮೊನ್ನೆ ಮೊನ್ನೆ ಬಂದವರು. ಎಂದೋ ಒಂದು ದಿನ ಸಿಕ್ಕಿದ್ದು ಎತ್ತಿಕೊಂಡು ಓಡುವವರು.”

ಅಧಿಕಾರಿ ಸೇರಿದವರನ್ನು ನೋಡಿ ಕೇಳಿದರು, “ಇವರನ್ನು ಬಲ್ಲವರು ಯಾರು?”

ಯಾರೂ ಬಾಯಿ ಬಿಡಲಿಲ್ಲ. ತೋಟದವರನ್ನು ಎದುರು ಹಾಕಿಕೊಳ್ಳುವುದು ಆ ಬಡವರಿಗೂ ಸುಲಭವಿರಲಿಲ್ಲ. ಅವರಲ್ಲಿ ಅನೇಕರ ಗುಡಿಸಲುಗಳೂ ಅದೇ ತೋಟದ ಜಾಗದಲ್ಲಿದ್ದವು. ಅವ್ವ ನೆಟ್ಟಗೆ ನಿಂತಿದ್ದಳು, ಯಾರ ಮುಖವನ್ನೂ ನೋಡಿ ಆಸೆ ತೋರಿಸಲಿಲ್ಲ. ಆಗ ಚೇಚಿ ತಲೆಯ ಮೇಲಿನ ಮೀನಿನ ಬುಟ್ಟಿ ಇಳಿಸಿ, ಕೈ ಒರೆಸಿಕೊಂಡು ಮುಂದೆ ಬಂದಳು.

“ನಾನು ಬಲ್ಲೆ ಸಾರ್. ಗಂಡನ ಕಾಲು ಮುರಿದಾಗ ಬಂದರು. ನನ್ನ ಸೊಸೆ ಹೆರುವಾಗ ಸೂಲಗಿತ್ತಿ ಬರುವುದು ತಡವಾಯಿತು. ಅವಳ ತಲೆ ಮಡಿಲಲ್ಲಿ ಇಟ್ಟುಕೊಂಡು ಕೂತವಳು ಇವಳು. ಇಲ್ಲಿ ಎರಡು ಮಳೆಗಾಲ ಸೋರುವ ಮಾಡಿನ ಕೆಳಗೆ ಕಳೆದವರು ಇಲ್ಲಿಯವರಲ್ಲದಿದ್ದರೆ, ಆ ದೂರದ ಊರಲ್ಲಿ ಕೂತ ಯಜಮಾನರು ಇಲ್ಲಿಯವರೇ?”

ಯಾರೋ ಕಿಸಕ್ಕೆಂದರು. ಅಧಿಕಾರಿ ನಗದೆ ಕೇಳಿದರು, “ಕಳವಿನ ಮಾತು?”

“ನನ್ನ ಕೋಳಿಗಳು ಅವರ ಅಂಗಳದಲ್ಲೇ ಮೊಟ್ಟೆ ಇಡುತ್ತವೆ ಸಾರ್. ಮೊಟ್ಟೆ ನನ್ನ ಮನೆಗೇ ಬರುತ್ತದೆ.”

ಅವಳ ಹಿಂದೆ ಟೀ ಅಂಗಡಿಯವನು ಹೇಳಿದ. ಆಮೇಲೆ ಗೋದಾಮಿನಲ್ಲಿ ಅಪ್ಪನ ಜೊತೆ ಕೆಲಸ ಮಾಡುವವರು. ಕಡೆಗೆ, ಬೇಲಿಯ ಹೊರಗೆ ನಿಂತಿದ್ದ ನಮ್ಮ ಮಾಸ್ತರರು. “ಹುಡುಗಿ ಶಾಲೆ ತಪ್ಪಿಸಿದ್ದು ತಿರುವನಂತಪುರಕ್ಕೆ ಹೋದಾಗ ಮಾತ್ರ,” ಎಂದರು ಅವರು.

ನಮ್ಮನ್ನು ಎಬ್ಬಿಸಬಾರದು ಎಂದು ತೀರ್ಮಾನವಾಯಿತು. ಆ ಮಾತು ಕೇಳಿದಾಗ ಅವ್ವ ಅಳಲಿಲ್ಲ, ಕೈ ಮುಗಿಯಲೂ ಇಲ್ಲ. ಚೇಚಿಯ ಬುಟ್ಟಿಯನ್ನು ಎತ್ತಿ ಅವಳ ತಲೆಯ ಮೇಲೆ ಇಟ್ಟಳು, ಅಷ್ಟೇ. ಚೇಚಿ ನೆಟ್ಟಗೆ ನಡೆದು ಹೋದಳು.

ಸೋಗೆಯ ಗೋಡೆ ತೆಗೆದು ಮಣ್ಣಿನ ಗೋಡೆ ಹಾಕಿದವನು ಅಪ್ಪ. ಅವನ ಕಾಲಿಗೆ ಮಾತ್ರ ಹೊಸ ಬದುಕು ಪೂರ್ತಿ ಒಗ್ಗಲಿಲ್ಲ. ಆಗಾಗ ಡೋಲು ಹೆಗಲಿಗೆ ಹಾಕಿಕೊಂಡು ಕುಂಟುತ್ತಾ ಎಲ್ಲಿಗೋ ಹೋಗಿ ಕೆಲವು ದಿನಗಳ ಮೇಲೆ ಬರುತ್ತಿದ್ದ. ಅವ್ವ ತಡೆಯುತ್ತಿರಲಿಲ್ಲ. ಒಮ್ಮೆ ಹಾಗೆ ಬಂದವನು ಅಂಗಳದಲ್ಲಿ ನಿಂತು ಗೋಡೆಯನ್ನು ನೋಡುತ್ತಾ ನನಗೆ ಹೇಳಿದ, “ಹೋಗೋದು ನನಗ ಮೊದಲಿಂದ ಗೊತ್ತಿತ್ತು ಮಗಳ. ವಾಪಸ್ ಬರೋದು ಈಗ ಕಲಿತೀನಿ.” ಅಂಥ ಮಾತು ಆಡುವ ಅಪ್ಪನ ಮೇಲೆ ನನಗೆ ಅವ್ವನ ಮೇಲಿನಷ್ಟೇ ಹೆಮ್ಮೆ. ನಾನು ಅಲ್ಲಿಯೇ ಓದಿ, ನರ್ಸ್ ಆಗಿ, ಮದುವೆಯಾಗಿ ಬಳ್ಳಾರಿಗೆ ಬಂದು, ಕನ್ನಡದ ಅಕ್ಷರಗಳನ್ನು ದೊಡ್ಡವಳಾದ ಮೇಲೆ ತಿದ್ದಿದವಳು.

ಆ ಮಣ್ಣಿನ ಗೋಡೆ ಎದ್ದ ವರ್ಷ ಕಾರ್ಖಾನೆಯೊಂದರಲ್ಲಿ ತಾಮ್ರದ ತಂತಿ ಕಳುವಾಯಿತು. ಹಾಗೇನಾದರೂ ಆದರೆ ಮೊದಲು ನಮ್ಮಂಥವರ ಬಿಡಾರಕ್ಕೆ ಪೊಲೀಸರು ಬರುವುದು ವಾಡಿಕೆ. ಒಬ್ಬ ಕಾನ್‌ಸ್ಟೇಬಲ್ ಬಂದೇ ಬಂದ, ಬೂಟಿನ ಕಾಲಲ್ಲಿ ನೇರ ಒಳಗೆ ನುಗ್ಗಲು ಹೊರಟ. ಅವ್ವ ಬಾಗಿಲಲ್ಲಿ ಕೂತು ಸೋಗೆ ಹೆಣೆಯುತ್ತಿದ್ದಳು. ಎದ್ದು ನಿಲ್ಲಲಿಲ್ಲ.

“ಬೂಟು ಹೊರಗೆ,” ಎಂದಳು. ಅವಳ ಮಲಯಾಳಂ ಆಗಲೂ ಅಷ್ಟಕ್ಕಷ್ಟೇ. ಆದರೆ ಅರ್ಥವಾಗದಿರುವಂತೇನೂ ಇರಲಿಲ್ಲ. “ಇದು ಮನೆ.”

ಅವನು ಒಳಗಿನ ಮಣ್ಣಿನ ಗೋಡೆ, ಗೋಡೆಗೆ ಒರಗಿಸಿಟ್ಟ ನನ್ನ ಪುಸ್ತಕಗಳು, ಬೇಲಿಯಾಚೆಯಿಂದ ಕತ್ತು ಚಾಚಿ ನೋಡುತ್ತಿದ್ದ ಚೇಚಿ, ಎಲ್ಲವನ್ನೂ ನೋಡಿದ. ಬಗ್ಗಿ ಬೂಟಿನ ಲೇಸು ಬಿಚ್ಚಿದ. ಒಳಗೆ ಹೋಗಿ ಎರಡು ಮಡಕೆ ಮುಟ್ಟಿ ನೋಡಿ, ಏನೂ ಸಿಗದೆ ಹೊರಗೆ ಬಂದ. ಅವನು ಲೇಸು ಕಟ್ಟಿಕೊಳ್ಳುವಷ್ಟರಲ್ಲಿ ಅವ್ವ ನನಗೆ ಹೇಳಿದಳು, “ಮನಿಗೆ ಬಂದಾನ. ಒಂದು ಲೋಟ ಚಾ ಕೊಡು.”

ಅವನು ನಿಂತುಕೊಂಡೇ ಕುಡಿದು, ಲೋಟ ತೊಳೆದಿಟ್ಟು ಹೋದ.